ಮೊಂಡಾಗಿದೆ ಅಂತ ಅರ ಹಿಡಿಯುವ ಮೊದಲು

ಓದುಗರ ಪ್ರಶ್ನೆ, ಟೂಲ್ ರೂಮ್ ಕಾಕಾನ ಉತ್ತರ

ಮಳೆ ಹಿಡಿದ ಮೇಲೆ ಪುಣೆ, ಮುಂಬಯಿ, ಗೋವಾ ಮೂರೂ ಕಡೆಯಿಂದ ಒಂದೇ ಥರದ ಪತ್ರ ಬರುತ್ತವೆ. ಬೇಲಿ ಗಿಡ ನೋಡ್ತಾ ನೋಡ್ತಾ ಬೆಳೆದುಬಿಡುತ್ತದೆ. ಮೂಲೆಯಲ್ಲಿ ಬಿದ್ದಿದ್ದ ಹೆಡ್ಜ್ ಟ್ರಿಮ್ಮರ್ ಹೊರಗೆ ಬರುತ್ತದೆ. ಆದರೆ ಕತ್ತರಿಸುವುದಿಲ್ಲ. ಈ ಸಲ ಅಂಥ ಪತ್ರಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಗದಗದ ಕಡೆಯವನು. ಪಿಂಪ್ರಿಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಫಿಟ್ಟರ್ ಆಗಿದ್ದೆ. ಈಗ ನಮ್ಮ ಸೊಸೈಟಿಯ ಹತಾರಗಳ ಉಸ್ತುವಾರಿ ನನ್ನದೇ, ಯಾರೂ ಕೊಟ್ಟಿದ್ದಲ್ಲ, ನಾನೇ ತೆಗೆದುಕೊಂಡಿದ್ದು.

ಪ್ರಶ್ನೆ: ಕಾಕಾ, ನಮ್ಮಲ್ಲಿ ಗೇಟಿನಿಂದ ಪಾರ್ಕಿಂಗ್ ತನಕ ಹಳದಿ ದುರಂಟಾ ಬೇಲಿ ಇದೆ. ಬ್ಯಾಟರಿ ಟ್ರಿಮ್ಮರ್ ಇತ್ತೀಚೆಗೆ ಎಲೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಎರಡು ದಿನದಲ್ಲಿ ತುದಿಗಳೆಲ್ಲ ಕಂದು ಬಣ್ಣ. ಅಂಗಡಿಯವರು ‘ಬ್ಲೇಡ್ ಸೆಟ್ಟೇ ಬದಲಿಸಿ’ ಅಂದರು. ಸೈಕಲ್ ಮೇಲೆ ಸಾಣೆ ಹಿಡಿಯುವವರಿಗೆ ತೋರಿಸಿದೆವು, ಅವರು ನೋಡಿ ಕೈಮುಗಿದು ಹೋದರು. ಬ್ಲೇಡ್ ನಿಜಕ್ಕೂ ಮುಗಿದಿದೆಯಾ?
– ಸೊಸೈಟಿ ಕಮಿಟಿ ಸದಸ್ಯರು, ಕೋಥ್ರೂಡ್, ಪುಣೆ

ಉತ್ತರ: ಮುಗಿದಿಲ್ಲ ಅಂತ ನನ್ನ ಅಂದಾಜು. ‘ಮೊಂಡಾಗಿದೆ’ ಅಂತ ನನ್ನ ಹತ್ತಿರ ಬರುವ ಟ್ರಿಮ್ಮರ್‌ಗಳಲ್ಲಿ ಜಾಸ್ತಿಯವು ಮೊಂಡಾಗಿರುವುದೇ ಇಲ್ಲ. ಒಂದೋ ಕೊಳೆ ಹಿಡಿದಿರುತ್ತವೆ, ಇಲ್ಲವೋ ಸಡಿಲಾಗಿರುತ್ತವೆ. ಎರಡಕ್ಕೂ ದುಡ್ಡು ಬೇಕಿಲ್ಲ. ಸಾಣೆಯವರು ಬಿಟ್ಟು ಹೋದದ್ದು ನಿಮ್ಮ ಪುಣ್ಯ. ತಿರುಗುವ ಕಲ್ಲಿಗೆ ಈ ಬ್ಲೇಡ್ ಕೊಟ್ಟಿದ್ದರೆ ಆಗ ನಿಜವಾಗಿ ಮುಗಿಯುತ್ತಿತ್ತು.

ಈ ಮಷಿನ್ ಹೇಗೆ ಕತ್ತರಿಸುತ್ತದೆ ಅಂತ ಸ್ವಲ್ಪ ನೋಡೋಣ. ಒಂದರ ಮೇಲೊಂದು ಎರಡು ಬ್ಲೇಡ್. ಹೆಚ್ಚಿನ ಮಷಿನ್‌ಗಳಲ್ಲಿ ಗೇರ್ ಬಾಕ್ಸಿನೊಳಗಿನ ಕ್ಯಾಮ್, ಅಂದರೆ ಓರೆಯಾಗಿ ತಿರುಗುವ ಸಣ್ಣ ಚಕ್ರ, ಒಂದನ್ನು ಮುಂದೆ ತಳ್ಳಿದಾಗ ಇನ್ನೊಂದನ್ನು ಹಿಂದೆ ಎಳೆಯುತ್ತದೆ. ಸಾಮಾನ್ಯ ಬ್ಯಾಟರಿ ಮಷಿನ್‌ನಲ್ಲಿ ಇದು ನಿಮಿಷಕ್ಕೆ ಸುಮಾರು 3,000 ಸಲ ನಡೆಯುತ್ತದೆ. ಮೇಲಿನ ಹಲ್ಲು, ಕೆಳಗಿನ ಹಲ್ಲು ಎರಡೂ ಮೈಗೆ ಮೈ ತಾಗಿ ಸರಿದರೆ ಮಾತ್ರ ಕಡ್ಡಿ ತುಂಡಾಗುತ್ತದೆ. ಟೇಲರ್ ಅಂಗಡಿಯ ಕತ್ತರಿಯ ತಿರುಪು ಸಡಿಲಾದರೆ ಏನಾಗುತ್ತದೆ? ಅಲಗು ಎಷ್ಟೇ ಹರಿತವಿರಲಿ, ಬಟ್ಟೆ ಮಡಚಿ ಸಂದಿನೊಳಗೆ ಹೋಗುತ್ತದೆ. ನಿಮ್ಮ ದುರಂಟಾ ಎಲೆಗೂ ಅದೇ ಆಗುತ್ತಿದೆ. ಹರಿದ ಎಲೆ ಬೇಗ ಒಣಗುತ್ತದೆ, ಕಂದಾಗುತ್ತದೆ.

ಈಗ ಪರೀಕ್ಷೆ. ಮೊದಲು ಬ್ಯಾಟರಿ ಹೊರಗೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಬ್ಯಾಟರಿಯನ್ನು ಬೇರೆ ಮೇಜಿನ ಮೇಲಿಡಿ. ವೈರಿನ ಮಷಿನ್ ಆದರೆ ಪ್ಲಗ್ ಕಿತ್ತಿಡಿ, ಪೆಟ್ರೋಲ್ ಆದರೆ ಸ್ಪಾರ್ಕ್ ಪ್ಲಗ್‌ನ ಟೋಪಿ ಎಳೆದಿಡಿ. ಕೈಗೆ ಚರ್ಮದ ಗ್ಲೌಸ್ ಇರಲಿ. ನಿಂತ ಬ್ಲೇಡೂ ಕೈ ಕೊಯ್ಯುತ್ತದೆ.

ಬ್ಲೇಡನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು ಅಂಚಿನಿಂದ ನೋಡಿ. ಹಲ್ಲುಗಳ ಮೇಲೆ ಕಂದು ವಾರ್ನಿಶ್ ಬಳಿದ ಹಾಗೆ ಕಾಣುತ್ತದೆಯಾ? ಅದು ಗಿಡದ ರಸ, ಧೂಳು ಸೇರಿ ಒಣಗಿದ್ದು. ಈ ಪದರವೇ ಬ್ಲೇಡ್‌ಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ. ಮೋಟರ್ ಮೇಲೂ ಭಾರ ಬೀಳುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗುವುದಿಲ್ಲ, ಪೇಂಟ್ ಅಂಗಡಿಯ ಟರ್ಪೆಂಟೈನ್ ನಡೆಯುತ್ತದೆ. ಹಳೇ ಟೂತ್‌ಬ್ರಷ್‌ನಿಂದ ಹಚ್ಚಿ, ಹತ್ತು ನಿಮಿಷ ಬಿಟ್ಟು, ಬೆನ್ನಿನ ಕಡೆಯಿಂದ ಹಲ್ಲಿನ ಕಡೆಗೆ ಬಟ್ಟೆಯಲ್ಲಿ ಒರೆಸಿ. ಪೆಟ್ರೋಲ್ ಮಾತ್ರ ಬೇಡ. ಅದರ ಆವಿ ಎಲ್ಲೋ ಇರುವ ಕಿಡಿಗೂ ಹತ್ತಿಕೊಳ್ಳುತ್ತದೆ. ಒರೆಸಿದ ಮೇಲೆ ಬ್ಲೇಡಿನ ಉದ್ದಕ್ಕೂ ತೆಳು ಎಣ್ಣೆ ಬಿಟ್ಟು, ಬ್ಯಾಟರಿ ಹಾಕಿ ಅರ್ಧ ನಿಮಿಷ ಓಡಿಸಿ, ಒಂದು ಹಸಿರು ಕಡ್ಡಿ ಕತ್ತರಿಸಿ ನೋಡಿ. ಕತ್ತರಿಸಿದ ಮುಖ ನುಣುಪಾಗಿದ್ದರೆ ಕೆಲಸ ಮುಗಿಯಿತು. ತೊಗಟೆಯ ನಾರು ಜೋತಾಡುತ್ತಿದ್ದರೆ ಬಿಗಿ ನೋಡಬೇಕು.

ಮತ್ತೆ ಬ್ಯಾಟರಿ ತೆಗೆಯಿರಿ. ಬ್ಲೇಡಿನ ಉದ್ದಕ್ಕೂ ಸಾಲಾಗಿ ಬೋಲ್ಟ್‌ಗಳಿವೆ. ಗೇರ್ ಬಾಕ್ಸ್ ಕಡೆಯಿಂದ ಶುರು ಮಾಡಿ ತುದಿಯ ಕಡೆಗೆ ಹೋಗಿ. ಲಾಕ್ ನಟ್ ಸಡಿಲಿಸಿ, ಬೋಲ್ಟನ್ನು ಮೆಲ್ಲಗೆ ಪೂರ್ತಿ ಬಿಗಿ ಮಾಡಿ, ಆಮೇಲೆ ಕಾಲು ಸುತ್ತಿನಿಂದ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ. ಅಲ್ಲೇ ಬೋಲ್ಟ್ ಅಲುಗದಂತೆ ಹಿಡಿದು ನಟ್ ಬಿಗಿಯಿರಿ. ನಿಮ್ಮ ಮಷಿನ್‌ನ ಪುಸ್ತಕ ಬೇರೆ ಅಳತೆ ಹೇಳಿದರೆ ಪುಸ್ತಕದ್ದೇ ಸರಿ. ಎಲ್ಲ ಮುಗಿದ ಮೇಲೆ ಒಂದು ನಿಮಿಷ ಓಡಿಸಿ, ಬ್ಯಾಟರಿ ತೆಗೆದು, ಬೋಲ್ಟ್‌ಗಳ ಹತ್ತಿರ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾರದಷ್ಟು ಸುಟ್ಟರೆ ಬಿಗಿ ಜಾಸ್ತಿಯಾಗಿದೆ. ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ ಲಾಕ್ ನಟ್) ಬೆರಳಲ್ಲೇ ತಿರುಗುವಷ್ಟು ಸವೆದಿದ್ದರೆ ಹೊಸದು ಹಾಕಿ, ಅದು ಚಿಲ್ಲರೆ ಖರ್ಚು. ಕೆಲವು ಅಗ್ಗದ ಮಷಿನ್‌ಗಳಲ್ಲಿ ಬೋಲ್ಟ್ ಬದಲು ರಿವೆಟ್ ಇರುತ್ತದೆ. ಅದರಲ್ಲಿ ಸಂದು ಸರಿಮಾಡಲು ಬರುವುದಿಲ್ಲ. ಕೊಳ್ಳುವಾಗಲೇ ತಿರುಗಿಸಿ ನೋಡಬೇಕು, ಆದರೆ ಎಲ್ಲರೂ ನೋಡುವುದು ಬಣ್ಣ.

ಇಷ್ಟಾದರೂ ಅಗಿಯುತ್ತಿದ್ದರೆ ಮಾತ್ರ ಅಲಗಿನ ಕಡೆ ತಿರುಗಿ. ಟಾರ್ಚ್ ಬೆಳಕನ್ನು ಹಲ್ಲಿನ ಅಂಚಿಗೆ ಬಿಡಿ. ಹರಿತವಾದ ಅಂಚು ಬೆಳಕನ್ನು ವಾಪಸ್ ಕೊಡುವುದಿಲ್ಲ, ಅಂಚೇ ಕಾಣುವುದಿಲ್ಲ. ಮೊಂಡಾದ ಕಡೆ ಕೂದಲೆಳೆಯಷ್ಟು ಬಿಳಿ ಗೆರೆ ಮಿನುಗುತ್ತದೆ. ಆ ಗೆರೆ ಇದ್ದಲ್ಲಿ ಮಾತ್ರ ಅರಕ್ಕೆ ಕೆಲಸ.

ಪ್ರಶ್ನೆ: ಟ್ರಿಮ್ಮರ್ ಬ್ಲೇಡಿಗೆ ಮನೆಯಲ್ಲೇ ಹರಿತ ಕೊಡಬಹುದಾ? ನನ್ನ ಹತ್ತಿರ ಆ್ಯಂಗಲ್ ಗ್ರೈಂಡರ್ ಇದೆ. ಐದು ನಿಮಿಷದ ಕೆಲಸ ಅಂತ ಗೆಳೆಯ ಹೇಳುತ್ತಾನೆ.
– ಓದುಗರು, ಮುಲುಂಡ್, ಮುಂಬಯಿ

ಉತ್ತರ: ಐದು ನಿಮಿಷದಲ್ಲಿ ಹಾಳು ಮಾಡುವ ಕೆಲಸ ಅಂತ ಗೆಳೆಯನಿಗೆ ಹೇಳಿ. ಉಕ್ಕಿಗೆ ಒಂದು ಹದ ಇರುತ್ತದೆ, ಅಂದರೆ ಕಾರ್ಖಾನೆಯಲ್ಲಿ ಕಾಯಿಸಿ ತಣಿಸಿ ಕೊಟ್ಟ ಗಡಸುತನ. ತೆಳುವಾದ ಹಲ್ಲಿನ ತುದಿ ಗ್ರೈಂಡರ್ ಕೆಳಗೆ ಕ್ಷಣದಲ್ಲಿ ಕಾಯುತ್ತದೆ. ಉಕ್ಕು ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, 300ರ ಹತ್ತಿರ ನೀಲಿಯಾಗುತ್ತದೆ. ನೀಲಿ ಕಂಡಿತು ಅಂದರೆ ಆ ಹಲ್ಲಿನ ಹದ ಹೋಯಿತು. ಆಮೇಲೆ ನೀರಲ್ಲಿ ಅದ್ದಿದರೆ ವಾಪಸ್ ಬರುವುದಿಲ್ಲ. ಅವತ್ತು ಚೆನ್ನಾಗಿ ಕತ್ತರಿಸುತ್ತದೆ, ಮುಂದಿನ ಸಲಕ್ಕೆ ಮತ್ತೆ ಮೊಂಡು.

ಕೈಯಲ್ಲಿ ಅರ ಹಾಕಿ. ಮಸೀದಿ ಬಂದರ್ ಸ್ಟೇಷನ್ನಿನಲ್ಲಿ ಇಳಿದು ನಾಗದೇವಿ ಸ್ಟ್ರೀಟಿಗೆ ನಡೆದರೆ ಎಂಥ ಅರ ಬೇಕಾದರೂ ಸಿಗುತ್ತದೆ. ಮರಾಠಿಯಲ್ಲಿ ‘ಕಾನಸ್’ ಅಂತ ಕೇಳಿ, 6 ಅಥವಾ 8 ಇಂಚಿನ ಚಪ್ಪಟೆ ಸ್ಮೂತ್ ಫೈಲ್ ತೆಗೆದುಕೊಳ್ಳಿ. ಹಲ್ಲುಗೆರೆ ಒಂದೇ ದಿಕ್ಕಿನಲ್ಲಿರಲಿ, ಅಡ್ಡ ಗೆರೆಯದು ಬೇಡ. ಹಿಡಿ ಇಲ್ಲದ ಅರ ಹಿಡಿಯಬೇಡಿ, ಅದರ ಬಾಲ ಅಂಗೈಗೆ ಚುಚ್ಚುತ್ತದೆ. ಜೊತೆಗೆ ಒಂದು ಸಣ್ಣ ಸಾಣೆಕಲ್ಲು, ಒಂದು ಕಪ್ಪು ಮಾರ್ಕರ್ ಪೆನ್ನು.

ಮಾರ್ಕರ್ ಯಾಕೆ ಅಂತೀರಾ? ಕೆಲಸದ ಗುಟ್ಟು ಅಲ್ಲೇ ಇದೆ. ಹಲ್ಲಿನ ಇಳಿಜಾರು ಮುಖಕ್ಕೆ ಕಾರ್ಖಾನೆಯವರು ಒಂದು ಕೋನ ಕೊಟ್ಟಿರುತ್ತಾರೆ. ಒಂದೊಂದು ಮಷಿನ್‌ಗೆ ಒಂದೊಂದು. ಅದನ್ನು ಅಳೆಯುತ್ತಾ ಕೂರಬೇಕಿಲ್ಲ. ಆ ಮುಖಕ್ಕೆಲ್ಲ ಮಾರ್ಕರ್ ಬಳಿದು, ಅರವನ್ನು ಅದರ ಮೇಲೆ ಮಲಗಿಸಿ ಒಂದೇ ಒಂದು ಸಲ ತಳ್ಳಿ. ಮಸಿ ಪೂರ್ತಿ ಅಗಲಕ್ಕೂ ಹೋಗಿದ್ದರೆ ಕೋನ ಸರಿಯಿದೆ. ಅಂಚಿನಲ್ಲಿ ಮಾತ್ರ ಹೋಗಿದ್ದರೆ ಅರ ಜಾಸ್ತಿ ಎತ್ತಿದ್ದೀರಿ. ಹಿಂದಿನ ಕಡೆ ಮಾತ್ರ ಹೋಗಿದ್ದರೆ ಜಾಸ್ತಿ ಮಲಗಿಸಿದ್ದೀರಿ. ಕೈಗೆ ಆ ಕೋನ ಸಿಕ್ಕಿತು ಅಂದರೆ ಮುಂದಿನದೆಲ್ಲ ಸಲೀಸು.

ಬ್ಲೇಡನ್ನು ವೈಸ್‌ನಲ್ಲಿ ಎರಡು ಮರದ ತುಂಡಿನ ನಡುವೆ ಹಿಡಿಸಿ. ಅರವನ್ನು ಮುಂದಕ್ಕೆ ಮಾತ್ರ ತಳ್ಳಿ, ವಾಪಸ್ ತರುವಾಗ ಎತ್ತಿಬಿಡಿ. ಎಳೆಯುತ್ತಾ ಉಜ್ಜಿದರೆ ಅರದ ಹಲ್ಲೇ ಸಾಯುತ್ತದೆ. ಅರಕ್ಕೆ ಮೊದಲೇ ಶಾಲೆಯ ಬಳಪ ಉಜ್ಜಿಟ್ಟರೆ ಉಕ್ಕಿನ ಪುಡಿ ಅದರ ಸಂದಿಗೆ ಕಚ್ಚುವುದಿಲ್ಲ. ಟೂಲ್ ರೂಮಿನಲ್ಲಿ ಹೊಸ ಹುಡುಗರಿಗೆ ನಾವು ಮೊದಲು ಕೈಗೆ ಕೊಡುತ್ತಿದ್ದದ್ದು ಬಳಪವನ್ನೇ. ಒಂದು ಹಲ್ಲಿಗೆ ನಾಲ್ಕು ಸಲ ತಳ್ಳಿದರೆ ಎಲ್ಲದಕ್ಕೂ ನಾಲ್ಕೇ ಸಲ. ಬಿಳಿ ಗೆರೆ ಮಾಯವಾದರೆ ನಿಲ್ಲಿಸಿ. ಇನ್ನೂ ಸ್ವಲ್ಪ ಹರಿತ ಮಾಡೋಣ ಅಂತ ಆಸೆಪಟ್ಟರೆ ಬ್ಲೇಡಿನ ಆಯುಷ್ಯ ಕಡಿಮೆಯಾಗುತ್ತದೆ, ಅಷ್ಟೇ.

ಮೇಲಿನ ಬ್ಲೇಡಿನ ಇಳಿಜಾರು ಮೇಲಕ್ಕೆ, ಕೆಳಗಿನದರದ್ದು ಕೆಳಕ್ಕೆ ಇರುತ್ತದೆ. ಮಷಿನ್ ಮಗುಚಿ ಕೆಳಗಿನದಕ್ಕೂ ಅರ ಹಾಕಿ. ಒಂದರ ಹಲ್ಲು ಇನ್ನೊಂದನ್ನು ಮುಚ್ಚಿಕೊಂಡಿದ್ದರೆ ಕೈಯಿಂದ ತಳ್ಳಲು ಹೋಗಬೇಡಿ. ವೈಸ್‌ನಿಂದ ಬಿಡಿಸಿ, ಬ್ಯಾಟರಿ ಹಾಕಿ ಒಂದು ಕ್ಷಣ ಓಡಿಸಿ ನಿಲ್ಲಿಸಿ, ಬ್ಯಾಟರಿ ಮತ್ತೆ ತೆಗೆಯಿರಿ. ಇಲ್ಲಿ ಬೇಸರ ಮಾಡಿಕೊಳ್ಳುವ ಹಾಗಿಲ್ಲ. ಎರಡು ಬ್ಲೇಡ್ ಒಂದಕ್ಕೊಂದು ತಾಗುವ ಚಪ್ಪಟೆ ಮುಖಕ್ಕೆ ಅರ ಮುಟ್ಟಿಸಲೇಬಾರದು. ಅಲ್ಲಿ ಅಂಚಿಗೆ ಎದ್ದ ಬರ್ ಅನ್ನು, ಅಂದರೆ ಅರ ಎಬ್ಬಿಸಿದ ಲೋಹದ ಸಣ್ಣ ಮುಳ್ಳನ್ನು, ಸಾಣೆಕಲ್ಲು ಚಪ್ಪಟೆ ಮಲಗಿಸಿ ಒಂದೆರಡು ಸಲ ಸವರಿ ತೆಗೆದರೆ ಸಾಕು. ಆಮೇಲೆ ಪುಡಿ ಪೂರ್ತಿ ಒರೆಸಿ ಎಣ್ಣೆ ಬಿಡಿ. ಸಂದಿನಲ್ಲಿ ಉಳಿದ ಉಕ್ಕಿನ ಪುಡಿ ನೀವು ಕೊಟ್ಟ ಹರಿತವನ್ನೇ ತಿನ್ನುತ್ತದೆ.

ಅರ ಕಚ್ಚದೆ ಜಾರಿದರೆ ಹಲ್ಲಿನ ಅಂಚು ಬಹಳ ಗಟ್ಟಿ ಅಂತ ಅರ್ಥ. ಅದಕ್ಕೆ ಡೈಮಂಡ್ ಫೈಲ್ ಬೇಕು. ಬಲ ಹಾಕಿ ಪ್ರಯೋಜನವಿಲ್ಲ.

ಪ್ರಶ್ನೆ: ಬೇಲಿಯೊಳಗೆ ಜಾಲರಿ ತಂತಿ ಇದ್ದದ್ದು ಗೊತ್ತಾಗಲಿಲ್ಲ. ಟ್ರಿಮ್ಮರ್ ಬಡಿದು ಎರಡು ಹಲ್ಲಿಗೆ ಕಚ್ಚು ಬಿದ್ದಿದೆ. ಒಂದು ಹಲ್ಲಿನ ಬುಡದಲ್ಲಿ ಸಣ್ಣ ಗೆರೆ ಕಾಣುತ್ತದೆ. ಗೀರೋ ಬಿರುಕೋ ತಿಳಿಯುತ್ತಿಲ್ಲ.
– ಓದುಗರು, ಠಾಣೆ

ಉತ್ತರ: ಕಚ್ಚು ದೊಡ್ಡ ವಿಷಯವಲ್ಲ. ಎದ್ದ ಲೋಹವನ್ನು ಅರದಿಂದ ನುಣುಪು ಮಾಡಿ ಬಿಟ್ಟುಬಿಡಿ. ಕಚ್ಚು ಪೂರ್ತಿ ಹೋಗುವ ತನಕ ಅರ ಹಾಕಿದರೆ ಆ ಹಲ್ಲು ಪಕ್ಕದ್ದಕ್ಕಿಂತ ಸಣ್ಣದಾಗುತ್ತದೆ.

ಬುಡದ ಗೆರೆ ಮಾತ್ರ ಸುಮ್ನೆ ಬಿಡುವಂಥದ್ದಲ್ಲ. ಗೀರೋ ಬಿರುಕೋ ತಿಳಿಯಲು ಹಳೇ ಉಪಾಯವೊಂದಿದೆ. ರೈಲ್ವೆ ವರ್ಕ್‌ಶಾಪ್‌ಗಳಲ್ಲಿ ಹಿಂದೆ ಗಾಲಿ, ಅಚ್ಚುಗಳ ಬಿರುಕನ್ನು ಎಣ್ಣೆ ಮತ್ತು ಸುಣ್ಣದ ಪುಡಿಯಿಂದ ಹುಡುಕುತ್ತಿದ್ದರು. ನೀವೂ ಮಾಡಬಹುದು. ಹಲ್ಲನ್ನು ಟರ್ಪೆಂಟೈನ್‌ನಿಂದ ತೊಳೆದು ಒಣಗಿಸಿ. ಆಮೇಲೆ ಡೀಸೆಲ್ ಹಚ್ಚಿ ಅರ್ಧ ಗಂಟೆ ಬಿಡಿ. ಒಲೆ, ದೀಪ ಹತ್ತಿರ ಇರಬಾರದು. ನಂತರ ಒಣಬಟ್ಟೆಯಿಂದ ಚೂರೂ ಉಳಿಯದಂತೆ ಒರೆಸಿ, ಬಿಳಿ ಬಳಪ ಕೆರೆದು ಆ ಪುಡಿಯನ್ನು ತೆಳ್ಳಗೆ ಉದುರಿಸಿ. ಸ್ವಲ್ಪ ಹೊತ್ತು ಕಾಯಿರಿ. ಸುಮ್ಮನೆ ಗೀರಾಗಿದ್ದರೆ ಪುಡಿ ಬೆಳ್ಳಗೇ ಇರುತ್ತದೆ. ಬಿರುಕಾಗಿದ್ದರೆ ಒಳಗೆ ಇಳಿದಿದ್ದ ಡೀಸೆಲ್ ಮೆಲ್ಲಗೆ ಮೇಲೆ ಬರುತ್ತದೆ, ಬಿಳಿ ಪುಡಿಯ ಮೇಲೆ ಒದ್ದೆ ಗೆರೆ ಮೂಡುತ್ತದೆ. ಈಗ ಕಾರ್ಖಾನೆಗಳಲ್ಲಿ ಸ್ಪ್ರೇ ಡಬ್ಬದ ಕೆಂಪು ಬಣ್ಣ ಹೊಡೆದು, ಮೇಲೆ ಬಿಳಿ ಪುಡಿ ಹಾಕಿ ನೋಡುತ್ತಾರೆ. ತತ್ವ ಅದೇ.

ಗೆರೆ ಮೂಡಿದರೆ ಬ್ಲೇಡ್ ಬದಲಿಸಿ. ಅನುಮಾನ ಉಳಿದರೂ ಬದಲಿಸಿ. ಅಷ್ಟು ವೇಗದಲ್ಲಿ ಹಲ್ಲು ಮುರಿದು ಹಾರಿದರೆ ಎಲ್ಲಿಗೆ ಹೋಗುತ್ತದೆ ಅಂತ ಹೇಳಲಾಗದು. ವೆಲ್ಡಿಂಗ್ ಮಾಡಿಸುವ ಯೋಚನೆ ಬೇಡ. ಹೊಸದು ಹಾಕುವಾಗ ಎರಡೂ ಬ್ಲೇಡ್ ಜೋಡಿಯಾಗಿಯೇ ಬದಲಿಸಿ. ಸವೆದ ಒಂದರ ಜೊತೆ ಹೊಸದೊಂದು ಸರಿಯಾಗಿ ಕೂರುವುದಿಲ್ಲ.

ಇನ್ನು ಮುಂದೆ ಮಷಿನ್ ಹಚ್ಚುವ ಮೊದಲು ಕೋಲಿನಿಂದ ಬೇಲಿ ಬಿಡಿಸಿ ನೋಡುತ್ತಾ ಒಂದು ಸುತ್ತು ಬನ್ನಿ. ನಮ್ಮ ಸೊಸೈಟಿಗಳ ಬೇಲಿಯೊಳಗೆ ಏನೇನು ಇರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು: ಜಾಲರಿ, ಗಾಳಿಪಟದ ಮಾಂಜಾ, ಮೂರನೇ ಮಹಡಿಗೆ ಹೋಗುವ ಇಂಟರ್ನೆಟ್ ವೈರು. ದೀಪಾವಳಿಗೆ ಹಾಕಿದ ಸೀರೀಸ್ ಲೈಟ್ ಮುಂದಿನ ಗಣಪತಿ ತನಕ ಅಲ್ಲೇ ಇರುತ್ತದೆ. ಕೆಲವು ಸಲ ಅದರ ಪ್ಲಗ್ಗೂ ಗೋಡೆಯಲ್ಲೇ ಇರುತ್ತದೆ, ಅದು ಇನ್ನೂ ಅಪಾಯ.

ಪ್ರಶ್ನೆ: ಕಾಕಾ, ನಮ್ಮ ಮನೆ ಸಮುದ್ರಕ್ಕೆ ಹತ್ತಿರ. ಸುತ್ತ ಫೈಕಸ್ ಬೇಲಿ. ಕತ್ತರಿಸಿದರೆ ಬಿಳಿ ಹಾಲು ಸುರಿಯುತ್ತದೆ, ಬ್ಲೇಡ್ ರಬ್ಬರ್ ಮೆತ್ತಿದ ಹಾಗಾಗುತ್ತದೆ. ಒಂದು ರಾತ್ರಿ ಬಿಟ್ಟರೆ ತುಕ್ಕಿನ ಚುಕ್ಕೆ. ಕೊಬ್ಬರಿ ಎಣ್ಣೆ ಹಚ್ಚು ಅಂತ ನಮ್ಮ ಅತ್ತೆ ಹೇಳುತ್ತಾರೆ. ಹಚ್ಚಬಹುದಾ?
– ಗೃಹಿಣಿ, ಬೆನಾವ್ಲಿ, ಗೋವಾ

ಉತ್ತರ: ನಿಮ್ಮ ಅತ್ತೆಯವರು ಹೇಳಿದ್ದು ಅರ್ಧ ಸರಿ. ಹಲಸಿನ ಹಣ್ಣು ಬಿಡಿಸುವ ಮೊದಲು ಕೈಗೆ, ಚಾಕುವಿಗೆ ಕೊಬ್ಬರಿ ಎಣ್ಣೆ ಸವರುತ್ತೇವಲ್ಲ, ಅದು ಇಲ್ಲೂ ನಡೆಯುತ್ತದೆ. ಫೈಕಸ್ ಹಾಲು ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಸಡಿಲುತ್ತದೆ. ಕೆಲಸ ಮುಗಿದ ತಕ್ಷಣ, ಹಾಲು ಒಣಗುವ ಮೊದಲೇ, ಕೊಬ್ಬರಿ ಎಣ್ಣೆಯ ಬಟ್ಟೆಯಿಂದ ಒರೆಸಿ. ಒಣಗಿದ ಮೇಲಾದರೆ ಟರ್ಪೆಂಟೈನ್ ಬೇಕಾಗುತ್ತದೆ.

ಆದರೆ ಹಚ್ಚಿ ಇಡಲು ಕೊಬ್ಬರಿ ಎಣ್ಣೆ ಬೇಡ. ಅದು ದಿನ ಕಳೆದಂತೆ ಅಂಟಾಗುತ್ತದೆ, ಧೂಳು ಹಿಡಿಯುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ನಮ್ಮ ಪುಣೆಯಲ್ಲಿ ಡಿಸೆಂಬರ್ ಬೆಳಿಗ್ಗೆ ಬಾಟಲಿಯಿಂದ ಕೆಳಗೇ ಬೀಳುವುದಿಲ್ಲ. ಒರೆಸಿದ ಮೇಲೆ ಹೊಲಿಗೆ ಮಷಿನ್ ಎಣ್ಣೆ ತೆಳ್ಳಗೆ ಬಿಡಿ. ತಿಂಗಳುಗಟ್ಟಲೆ ಇಡುವುದಾದರೆ ಸ್ವಲ್ಪ ಮಂದವಾದ ಎಣ್ಣೆ ಒಳ್ಳೆಯದು. ಗಾಡಿಯಿಂದ ಇಳಿಸಿದ ಕರಿ ಎಣ್ಣೆ ಮಾತ್ರ ಬೇಡ, ಅದರಲ್ಲಿ ಲೋಹದ ಪುಡಿ, ಮಸಿ ಎಲ್ಲ ಇರುತ್ತದೆ, ಗಿಡಕ್ಕೂ ಕೆಟ್ಟದ್ದು.

ನಿಮ್ಮ ತುಕ್ಕಿಗೆ ಎರಡು ಕಾರಣ. ಒಂದು ಸಮುದ್ರದ ಉಪ್ಪು ಗಾಳಿ. ಇನ್ನೊಂದು, ನನ್ನ ಅನುಮಾನ, ಬ್ಲೇಡಿನ ಪ್ಲಾಸ್ಟಿಕ್ ಒರೆ. ಒದ್ದೆ ಎಲೆಚೂರು ಅದರೊಳಗೆ ಉಳಿದರೆ ತೇವ ಆರುವುದೇ ಇಲ್ಲ. ಒರೆಯನ್ನು ಬೋರಲು ಹಾಕಿ ತಟ್ಟಿ ನೋಡಿ, ಕಳೆದ ವರ್ಷದ ಎಲೆಯೂ ಬಿದ್ದೀತು. ತೊಳೆದು ಒಣಗಿಸಿದ ಮೇಲೆ ಬ್ಲೇಡಿಗೆ ಹಾಕಿ. ಈಗಿರುವ ಚುಕ್ಕೆಗೆ ಎಣ್ಣೆ ಹಚ್ಚಿ ಪಾತ್ರೆ ತಿಕ್ಕುವ ಹಸಿರು ಪ್ಯಾಡ್‌ನಿಂದ ಉಜ್ಜಿದರೆ ಹೋಗುತ್ತದೆ. ವಿನಿಗರ್, ನಿಂಬೆರಸ ಬೇಡ. ಹುಳಿ ಸಂದಿನೊಳಗೆ ಇಳಿದು ಅಲ್ಲೇ ಉಳಿಯುತ್ತದೆ.

ಕತ್ತರಿಸುವಾಗ ಕನ್ನಡಕ ಹಾಕಿಕೊಳ್ಳಿ. ಆ ಹಾಲು ಕಣ್ಣಿಗೆ ಸಿಡಿದರೆ ಬಹಳ ಉರಿ. ಸಿಡಿದರೆ ಉಜ್ಜದೆ, ತುಂಬಾ ಹೊತ್ತು ನೀರಿನಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಮ್ಮ ಮಾಲಿ ಟ್ರಿಮ್ಮರ್‌ನ ಒಂದು ಸ್ವಿಚ್ಚಿಗೆ ಟೇಪ್ ಸುತ್ತಿದ್ದಾರೆ, ಒಂದೇ ಕೈಯಲ್ಲಿ ಓಡಿಸಲು. ಬ್ಲೇಡ್ ಕೆಡುತ್ತದಾ?
– ಓದುಗರು, ವಾಶಿ, ನವಿ ಮುಂಬಯಿ

ಉತ್ತರ: ಬ್ಲೇಡಿಗೆ ಏನೂ ಆಗುವುದಿಲ್ಲ. ಬೆರಳಿಗೆ ಆಗುತ್ತದೆ. ಎರಡು ಹಿಡಿಯಲ್ಲೂ ಸ್ವಿಚ್ ಇಟ್ಟಿರುವುದೇ ಎರಡೂ ಕೈ ಬ್ಲೇಡಿನಿಂದ ದೂರ ಇರಲಿ ಅಂತ. ಟೇಪ್ ಸುತ್ತಿದ ಮೇಲೆ ಖಾಲಿಯಾದ ಕೈ ಎಲ್ಲಿಗೆ ಹೋಗುತ್ತದೆ? ಕೊಂಬೆ ಬಗ್ಗಿಸಲು, ಬ್ಲೇಡಿನ ಪಕ್ಕಕ್ಕೇ. ಇವತ್ತೇ ಟೇಪ್ ಕಿತ್ತುಹಾಕಿ. ಆದರೆ ಮಾಲಿಗೆ ಬೈಯುವ ಮೊದಲು ಅವರು ಯಾಕೆ ಹಾಗೆ ಮಾಡಿದರು ಕೇಳಿ. ಬೇಲಿ ಎತ್ತರವಾಗಿ ಕೈಗೆಟಕದೆ ಇರಬಹುದು. ಹಾಗಿದ್ದರೆ ಉದ್ದ ಕೋಲಿನ ಟ್ರಿಮ್ಮರ್ ಕೊಡಿಸಬೇಕಾದದ್ದು ಕಮಿಟಿ.

ಪ್ರಶ್ನೆ: ಕೆಲಸ ಮುಗಿದ ಮೇಲೆ ಪೈಪ್ ಹಿಡಿದು ತೊಳೆದರೆ ಆಗದಾ? ಎಷ್ಟು ಸುಲಭ!
– ಓದುಗರು, ಔಂಧ್, ಪುಣೆ

ಉತ್ತರ: ಆಗದು. ನೀರು ಗೇರ್ ಬಾಕ್ಸಿಗೆ, ಮೋಟರಿಗೆ ಹೋಗುತ್ತದೆ. ಬ್ರಷ್, ಬಟ್ಟೆ, ಎಣ್ಣೆ, ಇಷ್ಟೇ. ರೋಗ ಬಂದ ಗಿಡ ಕತ್ತರಿಸಿದ್ದರೆ ಮುಂದಿನ ಗಿಡಕ್ಕೆ ಹೋಗುವ ಮೊದಲು ಬ್ಯಾಟರಿ ತೆಗೆದು ಮೆಡಿಕಲ್ ಅಂಗಡಿಯ ಸ್ಪಿರಿಟ್‌ನಿಂದ ಬ್ಲೇಡ್ ಒರೆಸಿ, ಪೂರ್ತಿ ಆರಲು ಬಿಡಿ.

ಪ್ರಶ್ನೆ: ಬಾಲ್ಕನಿಯಲ್ಲಿ ಕುಂಡದಲ್ಲಿ ಮೆಹಂದಿ, ಕಾಮಿನಿ ಗಿಡಗಳನ್ನು ಸಾಲಾಗಿ ಇಟ್ಟಿದ್ದೇನೆ. ಯಾವ ಟ್ರಿಮ್ಮರ್ ತೆಗೆದುಕೊಳ್ಳಲಿ ಕಾಕಾ?
– ಓದುಗರು, ಡೊಂಬಿವಲಿ

ಉತ್ತರ: ಯಾವುದೂ ಬೇಡ. ಎರಡು ಕೈಯ ಉದ್ದ ಹಿಡಿಯ ಹೆಡ್ಜ್ ಕತ್ತರಿ ಸಾಕು. ಅದಕ್ಕೂ ಮೇಲೆ ಹೇಳಿದ್ದೇ: ಒರೆಸುವುದು, ನಡುವಿನ ನಟ್ ಬಿಗಿ ನೋಡುವುದು, ಆಮೇಲೆ ಅರ. ಕೊಳ್ಳುವಾಗ ತೆರೆದು ಮುಚ್ಚಿ ನೋಡಿ, ಎರಡು ಅಲಗು ಬುಡದಿಂದ ತುದಿಯ ತನಕ ಬಿಡದೆ ತಾಗಬೇಕು.

ಪ್ರಶ್ನೆ: ಗೇರ್ ಬಾಕ್ಸಿಗೆ ಗ್ರೀಸ್ ಯಾವಾಗ, ಎಷ್ಟು?
– ಓದುಗರು, ವಾಸ್ಕೋ, ಗೋವಾ

ಉತ್ತರ: ಗ್ರೀಸ್ ನಿಪ್ಪಲ್ (ಗ್ರೀಸ್ ಒತ್ತಿ ತುಂಬುವ ಸಣ್ಣ ಮೂತಿ) ಇರುವ ಪೆಟ್ರೋಲ್ ಮಷಿನ್ ಆದರೆ ಎಷ್ಟು ಗಂಟೆಗೊಮ್ಮೆ ಅಂತ ಪುಸ್ತಕದಲ್ಲಿ ಬರೆದಿರುತ್ತದೆ, ಅದರಂತೆ ಮಾಡಿ. ಲಿಥಿಯಂ ಗ್ರೀಸ್ ಹಾಕಿ. ಗನ್‌ನಿಂದ ಒಂದೆರಡು ಸಲ ಒತ್ತಿದರೆ ಸಾಕು. ತುಂಬಿಸಿಬಿಟ್ಟರೆ ಬಾಕ್ಸ್ ಬಿಸಿಯಾಗುತ್ತದೆ, ಗ್ರೀಸ್ ಬ್ಲೇಡಿನ ಮೇಲೆ ಸೋರಿ ಎಲೆ ಹಿಡಿಯುತ್ತದೆ. ನಿಪ್ಪಲ್ ಇಲ್ಲದ ಸಣ್ಣ ಬ್ಯಾಟರಿ ಮಷಿನ್ ಬಿಚ್ಚಲು ಹೋಗಬೇಡಿ. ಆದರೆ ಮೊದಲು ಎರಡೂ ಬ್ಲೇಡ್ ಸರಿಯುತ್ತಿದ್ದ ಮಷಿನ್‌ನಲ್ಲಿ ಈಗ ಒಂದು ಮಾತ್ರ ಸರಿದು ಇನ್ನೊಂದು ನಿಂತೇ ಇದ್ದರೆ, ಅಥವಾ ಕಟಕಟ ಸದ್ದು ಬಂದರೆ, ಅದು ಗ್ರೀಸಿನ ಸಮಸ್ಯೆಯಲ್ಲ. ಒಳಗಿನ ಕ್ಯಾಮ್ ಸವೆದಿರಬಹುದು, ಸರ್ವಿಸ್ ಸೆಂಟರಿಗೆ ಒಯ್ಯಿರಿ. ಬ್ಲೇಡಿಗೆ ಒರೆ ಹಾಕಿಕೊಂಡು ಒಯ್ಯಿರಿ, ಬಸ್ಸಿನಲ್ಲಿ ಬೇರೆಯವರೂ ಇರುತ್ತಾರೆ.